ಸಿಡುಕು ಎಲ್ಲಿಂದ ಬರುತ್ತದೆ? ಹಿಂದಿನ ಒಂದು ದಿನದ ಲೆಕ್ಕ

ಕುಮಟಾದಿಂದ ಶಿರಸಿಗೆ ಹೊರಟ ಬಸ್ಸು ದೇವಿಮನೆ ಘಟ್ಟದಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಒಬ್ಬರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಾರೆ, ಇನ್ನೊಬ್ಬರು ಕಂಡಕ್ಟರ್ ಮೇಲೆ ಹರಿಹಾಯುತ್ತಾರೆ. ಲಾರಿ ಇಬ್ಬರಿಗೂ ಒಂದೇ. ಇಂದು ಹರಿಹಾಯ್ದವರೇ ಮುಂದಿನ ವಾರ ಅದೇ ತಿರುವಿನಲ್ಲಿ, ಅಂಥದ್ದೇ ಲಾರಿಯ ಹಿಂದೆ, ಶೇಂಗಾ ತಿನ್ನುತ್ತಾ ಸುಮ್ಮನೆ ಕೂತಿರುವುದೂ ಉಂಟು. ಹಾಗಾದರೆ ಮೊದಲ ದಿನದ ಸಿಟ್ಟಿಗೆ ಲಾರಿ ಎಷ್ಟು ಕಾರಣ?

ಸಿಟ್ಟಿಗೆ ಗುರಿ ಇರುತ್ತದೆ: ಬೇಲಿ ಒತ್ತಿದ ಪಕ್ಕದ ತೋಟದವನು, ಪಡೆದ ಸಾಲ ಮರೆತವನು. ಸಿಡುಕು ಮೊದಲು ಮೈಯಲ್ಲಿ ಹುಟ್ಟುತ್ತದೆ, ಆಮೇಲೆ ಗುರಿ ಹುಡುಕಿಕೊಳ್ಳುತ್ತದೆ. ಹಾಗಾಗಿಯೇ ಅದು ಮುಚ್ಚದ ಬಾಗಿಲಿಗೂ ಸಿಗುತ್ತದೆ, ಎರಡು ಸಲ ಒಂದೇ ಪ್ರಶ್ನೆ ಕೇಳಿದ ಮಗುವಿಗೂ ಸಿಗುತ್ತದೆ. ಅಘನಾಶಿನಿ ನದಿ ದಂಡೆಯ ಗಜನಿ ಗದ್ದೆ (ಉಪ್ಪುನೀರು ತಡೆಯಲು ಒಡ್ಡು ಕಟ್ಟಿದ ಗದ್ದೆ) ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಒಡ್ಡು ಗಟ್ಟಿಯಿದ್ದರೆ ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಭರತಕ್ಕೂ (ಕಡಲಿನ ಉಬ್ಬರಕ್ಕೂ) ಉಪ್ಪುನೀರು ಒಳನುಗ್ಗುವುದಿಲ್ಲ. ಒಡ್ಡು ಕುಸಿದಿದ್ದರೆ ದಿನದ ಸಾಮಾನ್ಯ ಭರತವೇ ಸಾಕು. ಮನೆಯಲ್ಲಿ ಸಿಡುಕು ಎದ್ದಾಗ ಎಲ್ಲರೂ ಭರತವನ್ನು ಬೈಯುತ್ತಾರೆ, ಒಡ್ಡು ನೋಡಲು ಹೋಗುವುದಿಲ್ಲ. ಒಡ್ಡನ್ನು ಸವೆಸುವ ಸಂಗತಿಗಳಲ್ಲಿ ಹೆಚ್ಚಿನವು ಹಿಂದಿನ 24 ಗಂಟೆಗಳೊಳಗೆ ನಡೆದಿರುತ್ತವೆ, ಹುಡುಕಿದರೆ ಸಿಗುತ್ತವೆ.

ಮೊದಲು ನಿದ್ದೆ

ಮಿದುಳಿನ ಒಳಗೆ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗವಿದೆ. ಅಪಾಯ, ಅವಮಾನ, ಕಿರಿಕಿರಿಗಳಿಗೆ ಮೊದಲು ಬೊಗಳುವ ನಾಯಿ ಅದು. ಹಣೆಯ ಹಿಂದಿರುವ ಮಿದುಳಿನ ಭಾಗ ಅದಕ್ಕೆ ‘ಸುಮ್ನಿರು, ಗುರುತಿನವರೇ’ ಎಂದು ಹೇಳುವ ಯಜಮಾನ. 2007ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಸುಮಾರು 35 ಗಂಟೆ ನಿದ್ದೆಯಿಲ್ಲದೆ ಇದ್ದವರಿಗೆ ಅಹಿತಕರ ಚಿತ್ರಗಳನ್ನು ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿದರು. ಚೆನ್ನಾಗಿ ಮಲಗಿ ಎದ್ದವರಿಗಿಂತ ಅವರ ಅಮಿಗ್ಡಲಾ ಶೇ. 60ಕ್ಕೂ ಹೆಚ್ಚು ಜೋರಾಗಿ ಪ್ರತಿಕ್ರಿಯಿಸಿತ್ತು, ಯಜಮಾನನ ಜೊತೆಗಿನ ಅದರ ಸಂಪರ್ಕವೂ ಸಡಿಲಾಗಿತ್ತು.

ಇಡೀ ರಾತ್ರಿ ಎಚ್ಚರವಿರಬೇಕೆಂದೇನೂ ಇಲ್ಲ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಶಿರಸಿ-ಸಿದ್ದಾಪುರದ ಕಡೆ ಅಡಿಕೆ ಸುಗ್ಗಿಯಲ್ಲಿ ರಾತ್ರಿ ಊಟದ ಮೇಲೆ ಸುಲಿಯಲು ಕೂತವರು ಏಳುವುದು 11ಕ್ಕೋ 12ಕ್ಕೋ. ನಡುವೆ ನಿದ್ದೆ ಓಡಿಸಲು ಒಂದು ಲೋಟ ಚಾ. ಬೆಳಗ್ಗೆ 5ಕ್ಕೆ ಕೊಟ್ಟಿಗೆ ಕೆಲಸ. ದಿನಕ್ಕೆ 5 ಗಂಟೆಯಂತೆ ಒಂದು ವಾರ ಕಳೆದರೆ ಸಾಲ 14 ಗಂಟೆ. ಈ ಸಾಲದ ಕೆಟ್ಟ ಗುಣವೆಂದರೆ ಮೂರ್ನಾಲ್ಕು ದಿನ ಕಳೆದ ಮೇಲೆ ‘ನಂಗೆ ಇಷ್ಟೇ ಸಾಕು, ರೂಢಿ ಆಗಿದೆ’ ಅನ್ನಿಸತೊಡಗುತ್ತದೆ. ಗಮನ, ಸಹನೆ ಎರಡೂ ದಿನದಿನಕ್ಕೆ ಇಳಿಯುತ್ತಲೇ ಇರುತ್ತವೆ, ಇಳಿದದ್ದು ತನಗೆ ಮಾತ್ರ ಗೊತ್ತಾಗುವುದಿಲ್ಲ.

ತೀರಿಸುವುದು ಹೇಗೆ? ಒಂದು ಭಾನುವಾರ 12 ಗಂಟೆ ಮಲಗಿ ಅಲ್ಲ. ಹಾಗೆ ಮಾಡಿದರೆ ಆ ರಾತ್ರಿ ನಿದ್ದೆ ಬರುವುದಿಲ್ಲ, ಸೋಮವಾರ ಮತ್ತೆ ಹಾಳು. ಏಳುವ ಹೊತ್ತು ಬದಲಿಸದೆ ಮಲಗುವ ಹೊತ್ತನ್ನು ದಿನಕ್ಕೆ ಅರ್ಧ ಗಂಟೆ ಮುಂಚೆ ತನ್ನಿ. ಸುಗ್ಗಿಯಲ್ಲಿ ಅದೂ ಆಗದಿದ್ದರೆ ಮಧ್ಯಾಹ್ನ 3ರೊಳಗೆ 20-25 ನಿಮಿಷದ ನಿದ್ದೆ. ಅಲಾರಂ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆ ದಾಟಿದರೆ ಗಾಢ ನಿದ್ದೆಯ ನಡುವೆ ಎದ್ದು ಇನ್ನಷ್ಟು ಸಿಡುಕುತ್ತೀರಿ. ಕೈಗಾದಂಥ ಕಡೆ ಪಾಳಿಯಲ್ಲಿ ದುಡಿಯುವವರಿಗೆ, ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುವ ಹೊತ್ತಿಗೆಲ್ಲ ಎದ್ದು ತುಂಡುತುಂಡಾಗಿ ಮಲಗುವವರಿಗೆ ಒಟ್ಟು ಗಂಟೆಯ ಲೆಕ್ಕ ಸರಿಯಿದ್ದರೂ ಸಾಲ ಉಳಿದಿರುತ್ತದೆ. ಅಂಥವರು ಮನೆಗೆ ಬಂದ ಮೊದಲ ದಿನ ಹಣಕಾಸು, ಜಾಗದ ತಕರಾರು, ಮಕ್ಕಳ ಮಾರ್ಕ್ಸ್ ಯಾವುದನ್ನೂ ಮಾತಿಗೆ ಎತ್ತಬಾರದು. ಎತ್ತಿದರೆ ಆಗುವುದು ಚರ್ಚೆಯಲ್ಲ.

ಸಂಜೆಯ ಎರಡು ಪೆಗ್ಗು ನಿದ್ದೆ ತರುತ್ತದೆ ಎನ್ನುವವರಿದ್ದಾರೆ. ತರುತ್ತದೆ, ಅರ್ಧ ರಾತ್ರಿಯವರೆಗೆ. ಮದ್ಯದ ಅಮಲು ಇಳಿಯುವಾಗ ನಿದ್ದೆಯ ಎರಡನೆಯ ಅರ್ಧ ಒಡೆಯುತ್ತದೆ. ಮರುದಿನದ ಸಿಡುಕಿಗೆ ತಲೆನೋವಿಗಿಂತ ಈ ಒಡೆದ ನಿದ್ದೆಯೇ ಹೆಚ್ಚಿನ ಕಾರಣ.

ಚಾ, ಕವಳ ಮತ್ತು ‘ಸಮಾಧಾನ’

ಒಂದು ಲೋಟ ಚಾದಲ್ಲಿ ಸಾಮಾನ್ಯವಾಗಿ 30ರಿಂದ 50 ಮಿಲಿಗ್ರಾಂ ಕೆಫೀನ್ ಇರುತ್ತದೆ, ಕಾಫಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ಮೇಲಿನ ಮಿತಿ, ಗರ್ಭಿಣಿಯರಿಗೆ 200. ಕುಡಿದ ಕೆಫೀನಿನ ಅರ್ಧ ಭಾಗ ರಕ್ತದಿಂದ ಹೋಗಲು ಸುಮಾರು 5 ಗಂಟೆ ಬೇಕು. ಸಂಜೆ 6ರ ಚಾದ ಅರ್ಧ ಭಾಗ ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ. ಹಾಗೆಂದು ಒಮ್ಮೆಲೇ ಬಿಟ್ಟರೂ ತೊಂದರೆ. ಕೊನೆಯ ಲೋಟದಿಂದ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಕು, ಸಿಡುಕು ಶುರುವಾಗಿ ಒಂದೆರಡು ದಿನದಲ್ಲಿ ತುದಿ ಮುಟ್ಟುತ್ತದೆ. ಎರಡರಿಂದ ಒಂಬತ್ತು ದಿನ ಉಳಿಯಬಹುದು. ವ್ರತದ ದಿನ ಚಾ ಬಿಟ್ಟ ಮನೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕೇಳಿಬರುವ ಏರುದನಿಗೆ ಇದೂ ಒಂದು ಕಾರಣ, ದೇವರಿಗೆ ಅದರಲ್ಲಿ ಪಾಲಿಲ್ಲ. ಮೂರು ದಿನಕ್ಕೊಂದು ಲೋಟದಂತೆ ಇಳಿಸಿ, ಸಂಜೆಯದನ್ನು ಮೊದಲು ಬಿಡಿ. ಆ ಹೊತ್ತಿಗೆ ಕೈಯಲ್ಲೊಂದು ಲೋಟ ಬೇಕೇ ಬೇಕೆನ್ನುವವರಿಗೆ ಕೊತ್ತಂಬರಿ-ಜೀರಿಗೆಯ ಕಷಾಯ ಇದ್ದೇ ಇದೆ.

ಹೊಗೆಸೊಪ್ಪಿನ ಮಾತು ಬೇರೆ. ಕವಳಕ್ಕೆ (ಎಲೆಯಡಿಕೆಗೆ) ಹೊಗೆಸೊಪ್ಪು ಸೇರಿಸುವವರು, ಗುಟ್ಕಾ ಹಾಕುವವರು, ಬೀಡಿ ಸೇದುವವರು ಎಲ್ಲರೂ ಹೇಳುವುದು ಒಂದೇ: ‘ಹಾಕ್ಕಂಡ್ರೆ ತಲೆ ತಣ್ಣಗಾಗ್ತದೆ.’ ಅದು ಸುಳ್ಳಲ್ಲ, ಲೆಕ್ಕ ಮಾತ್ರ ಅರ್ಧ. ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಳಿದಂತೆ ಚಡಪಡಿಕೆ ಏರುತ್ತದೆ. ಮುಂದಿನ ಕವಳ ಆ ಚಡಪಡಿಕೆಯನ್ನು ತಗ್ಗಿಸುತ್ತದೆ. ಅಂದರೆ ಹಿಂದಿನ ಕವಳ ಕೊಟ್ಟ ಕಾಯಿಲೆಗೆ ಮುಂದಿನ ಕವಳ ಮದ್ದು. ಹೊಗೆಸೊಪ್ಪಿನ ರೂಢಿಯೇ ಇಲ್ಲದವರು ಆ ಸಮಾಧಾನದ ಮಟ್ಟದಲ್ಲಿ ಇಡೀ ದಿನ ಇರುತ್ತಾರೆ. ಅಡಿಕೆಯ ಊರಿನಲ್ಲಿ ಹೇಳುವುದು ಕಷ್ಟವಾದರೂ ಹೇಳಲೇಬೇಕು: ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ನರಗಳನ್ನು ಕೆರಳಿಸುವ ವಸ್ತು. ಬರೀ ಅಡಿಕೆಯ ಕವಳಕ್ಕೆ ಒಗ್ಗಿದವರಿಗೂ ಬಿಟ್ಟಾಗ ಕಾಡುತ್ತದೆ.

ಬಿಡುವವರು ತಿಳಿದಿರಬೇಕಾದದ್ದು ಇಷ್ಟು. ಸಿಡುಕು ಮೊದಲ ದಿನವೇ ಶುರು, ಎರಡು-ಮೂರನೆಯ ದಿನ ಅತಿ ಹೆಚ್ಚು, ಮೂರ್ನಾಲ್ಕು ವಾರದಲ್ಲಿ ಇಳಿಯುತ್ತದೆ. ಹೆಚ್ಚಿನವರು ಮೂರನೆಯ ದಿನವೇ ಸೋಲುವುದು, ಅದೂ ಹಲವು ಸಲ ಮನೆಯವರೇ ‘ನೀ ಹಾಕ್ಕಂಡೇ ಬಿಡು ಮಾರಾಯ, ನಿನ್ನ ಕಾಟ ತಡೆಯಲಾಗ’ ಎಂದದ್ದಕ್ಕೆ. ಆದ್ದರಿಂದ ಬಿಡುವ ದಿನವನ್ನು ಮನೆಯವರಿಗೆ ಮೊದಲೇ ತಿಳಿಸಿ, ಮೊದಲ ಒಂದು ವಾರ ಮಾತು ಬಿರುಸಾಗಬಹುದೆಂದೂ ಹೇಳಿಡಿ. ಔಷಧ ಅಂಗಡಿಯಲ್ಲಿ 2 ಮಿಲಿಗ್ರಾಂನ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್ಮಿನಂತೆ ಸತತವಾಗಿ ಜಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆ. ನಾಲ್ಕಾರು ಸಲ ಜಗಿದು, ಖಾರ ಬಂದೊಡನೆ ಕೆನ್ನೆಯ ಸಂದಿಯಲ್ಲಿಟ್ಟು, ಖಾರ ಹೋದ ಮೇಲೆ ಮತ್ತೆ ಜಗಿಯಬೇಕು. ಕವಳ ಹಾಕುವವರಿಗೆ ಈ ವಿದ್ಯೆ ಕಲಿಸಬೇಕಿಲ್ಲ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು. ತಂಬಾಕು ಬಿಡಲು ನೆರವು ನೀಡುವ ರಾಷ್ಟ್ರೀಯ ಉಚಿತ ಸಂಖ್ಯೆ 1800-11-2356.

ಹಸಿವು, ಸೆಕೆ, ತುರಿಕೆ

ಬೆಳಗ್ಗೆ 7ಕ್ಕೆ ಎರಡು ದೋಸೆ, ಆಮೇಲೆ ಬರೀ ಚಾ-ಬಿಸ್ಕೀಟು, ಊಟ 2:30ಕ್ಕೆ. ಇಂಥ ದಿನ 12:30ರಿಂದ 2ರವರೆಗಿನ ಮಾತು ಬಿರುಸಾಗಿರುತ್ತದೆ. ಸಕ್ಕರೆಯ ಮಟ್ಟ ಇಳಿಯತೊಡಗಿದಾಗ ಅದನ್ನು ಎತ್ತಲು ದೇಹ ಬಿಡುಗಡೆ ಮಾಡುವ ಅಡ್ರಿನಲಿನ್, ಕಾರ್ಟಿಸಾಲ್‌ಗಳೇ ಜಗಳಕ್ಕೂ ಸಿದ್ಧ ಮಾಡುವ ರಸಗಳು. 11ರ ಹೊತ್ತಿಗೆ ಒಂದು ಹಿಡಿ ಶೇಂಗಾ, ಇಲ್ಲವೇ ಮೊಸರವಲಕ್ಕಿ ಸಾಕು. ಬಿಸ್ಕೀಟು ಬೇಗ ಏರಿಸಿ ಬೇಗ ಇಳಿಸುತ್ತದೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಇದು ಹಗುರ ಮಾತಲ್ಲ. ಅವರು ಇದ್ದಕ್ಕಿದ್ದಂತೆ ಸಿಡಿಮಿಡಿಗೊಂಡು, ಬೆವರಿ, ಕೈ ನಡುಗಿದರೆ ವಾದಕ್ಕಿಳಿಯಬೇಡಿ, ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಪರೀಕ್ಷಿಸಲು ಮೀಟರ್ ಇಲ್ಲದಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪುತ್ತಿರುವವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೇ ಒಯ್ಯಬೇಕು.

ಕರಾವಳಿಯ ಸೆಕೆಗೆ ತನ್ನದೇ ಚಾಳಿಯಿದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಏಪ್ರಿಲ್-ಮೇ ತಿಂಗಳ ಕಾರವಾರದಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರುವುದಿಲ್ಲ, ಸೋರುತ್ತದೆ. ಸೋರಿದ ಬೆವರಿನಿಂದ ತಂಪಿಲ್ಲ, ನೀರು-ಉಪ್ಪು ನಷ್ಟ ಮಾತ್ರ. ಬಳ್ಳಾರಿಯ 40 ಡಿಗ್ರಿಗಿಂತ ಇಲ್ಲಿಯ 34 ಅಸಹನೀಯ ಎನ್ನುವವರು ಉತ್ಪ್ರೇಕ್ಷೆ ಮಾಡುತ್ತಿಲ್ಲ. ನಿದ್ದೆ ಹತ್ತಲು ದೇಹದ ಒಳಶಾಖ ಸ್ವಲ್ಪ ಇಳಿಯಲೇಬೇಕು, ಸೆಕೆ ಅದನ್ನು ತಡೆಯುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ಸ್ನಾನ ಮಾಡಿದರೆ ಚರ್ಮದ ರಕ್ತನಾಳಗಳು ತೆರೆದು ಶಾಖ ಹೊರಹೋಗುತ್ತದೆ. ಮೈ ಪೂರ್ತಿ ಒರೆಸಿಕೊಳ್ಳದೆ ಫ್ಯಾನಿನ ಗಾಳಿಗೆ ಕೂರಿ. ಮಧ್ಯಾಹ್ನ ಉಪ್ಪು ಹಾಕಿದ ಮಜ್ಜಿಗೆ, ಮುರುಗಲು ಪಾನಕ ಒಳ್ಳೆಯದೇ. ರಕ್ತದೊತ್ತಡ ಇರುವವರು ಉಪ್ಪಿನಲ್ಲಿ ಕೈ ಹಿಡಿಯಲಿ.

ಮಳೆಗಾಲದಲ್ಲಿ ಸೆಕೆಯ ಜಾಗಕ್ಕೆ ಬರುವುದು ಹುಳುಕಡ್ಡಿ. ಒಣಗದ ಬಟ್ಟೆ, ತೊಡೆಸಂದಿಯ ತೇವ, ರಾತ್ರಿಯಿಡೀ ತುರಿಕೆ, ಮುರಿದ ನಿದ್ದೆ, ಬೆಳಗ್ಗೆ ಸಿಡುಕು. ಯಾರಿಗೂ ಹೇಳಿಕೊಳ್ಳಲಾಗದ ಜಾಗದ ತುರಿಕೆ ಇರುವವರು ಯಾಕೆ ಸಿಡುಕುತ್ತಾರೆಂದು ಮನೆಯವರಿಗೆ ತಿಳಿಯುವುದೇ ಇಲ್ಲ. ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಎರಡು ದಿನ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬಿ ಆಮೇಲೆ ಇಮ್ಮಡಿಯಾಗುತ್ತದೆ. ಚರ್ಮದ ವೈದ್ಯರ ಮದ್ದನ್ನು ತುರಿಕೆ ನಿಂತ ಮೇಲೂ ಹೇಳಿದಷ್ಟು ದಿನ ಹಚ್ಚಬೇಕು. ಒಳಬಟ್ಟೆಯನ್ನು ಇಸ್ತ್ರಿ ಮಾಡಿಯೇ ತೊಡಬೇಕು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ

ಈ ಗಾದೆಯನ್ನು ಮನೋವಿಜ್ಞಾನಿ ಡಾಲ್ಫ್ ಜಿಲ್‌ಮನ್ 1970ರ ದಶಕದಲ್ಲಿ ಪ್ರಯೋಗಶಾಲೆಗೆ ಒಯ್ದರು ಎನ್ನಬಹುದು, ಅವರಿಗೆ ಗಾದೆ ಗೊತ್ತಿರದಿದ್ದರೂ. ಒಂದು ಘಟನೆಯಿಂದ ಏರಿದ ಎದೆಬಡಿತ, ಬಿಗಿದ ಸ್ನಾಯು ತಕ್ಷಣ ಇಳಿಯುವುದಿಲ್ಲ. ಮನಸ್ಸು ಆ ಘಟನೆಯನ್ನು ಮರೆತರೂ ಮೈ ಇನ್ನೂ ಕಾದಿರುತ್ತದೆ. ಆ ಹೊತ್ತಿಗೆ ಎರಡನೆಯ ಸಣ್ಣ ಕಿರಿಕಿರಿ ಬಂದರೆ ಹಳೆಯ ಕಾವೂ ಅದರ ಲೆಕ್ಕಕ್ಕೇ ಜಮೆಯಾಗುತ್ತದೆ. ಹೆದ್ದಾರಿ 66ರಲ್ಲಿ ಟ್ಯಾಂಕರ್ ಒಂದು ಮೈಮೇಲೇ ಬಂದಂತಾಗಿ ಪಾರಾದವರು ಮನೆ ಹೊಕ್ಕೊಡನೆ ಹೊಸ್ತಿಲಲ್ಲಿ ಬಿದ್ದಿದ್ದ ಚಪ್ಪಲಿಗೆ ಕೂಗಾಡುವುದು ಹೀಗೆ. ಪರಿಹಾರವೂ ಅಲ್ಲೇ ಇದೆ: ಎರಡು ಘಟನೆಗಳ ನಡುವೆ ಜಾಗ ಬಿಡುವುದು. ಗಾಡಿ ನಿಲ್ಲಿಸಿ ಐದು ನಿಮಿಷ ಅಂಗಳದಲ್ಲೇ ಕಳೆದು, ಕೈಕಾಲು ತೊಳೆದು ಒಳಹೋಗುವ ಹಳೆಯ ರೂಢಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಕಾವನ್ನು ಹೊರಹಾಕಿದರೆ ತಣ್ಣಗಾಗುತ್ತದೆ ಎಂಬ ನಂಬಿಕೆ ಮಾತ್ರ ತಪ್ಪು. ಕಟ್ಟಿಗೆ ಒಡೆಯುವುದು, ಬಾಗಿಲು ಬಡಿಯುವುದು, ಗೆಳೆಯನಿಗೆ ಫೋನ್ ಮಾಡಿ ಅರ್ಧ ಗಂಟೆ ಅದನ್ನೇ ಕಕ್ಕುವುದು ಎಲ್ಲವೂ ಎದೆಬಡಿತವನ್ನು ಏರಿಸಿಯೇ ಇಡುತ್ತವೆ. 154 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2024ರ ವಿಶ್ಲೇಷಣೆಯೊಂದು ದೇಹದ ಕಾವು ಇಳಿಸುವ ಕ್ರಮಗಳಿಂದ ಸಿಟ್ಟು ತಗ್ಗುತ್ತದೆ, ಏರಿಸುವ ಕ್ರಮಗಳಿಂದ ತಗ್ಗುವುದಿಲ್ಲ ಎಂದು ಕಂಡುಕೊಂಡಿತು. ಸಿಟ್ಟಿಳಿಸಲೆಂದು ಓಡುವುದೂ ಪ್ರಯೋಜನಕ್ಕೆ ಬರಲಿಲ್ಲ. ದಿನವೂ ಅರ್ಧ ಗಂಟೆ ಕಡಲ ದಂಡೆಯಲ್ಲಿ ನಡೆಯುವುದು ಬೇರೆ ವಿಷಯ. ಅದು ನಿದ್ದೆಯನ್ನು ಸುಧಾರಿಸಿ ಒಡ್ಡನ್ನು ಗಟ್ಟಿ ಮಾಡುತ್ತದೆ.

ಆ ಕ್ಷಣಕ್ಕೆ ಕೆಲಸಕ್ಕೆ ಬರುವುದು ನಿಧಾನದ ಉಸಿರು. ಮೂಗಿನಿಂದ 4 ಎಣಿಸುವಷ್ಟು ಒಳಗೆ, 6 ಎಣಿಸುವಷ್ಟು ಹೊರಗೆ. ನಿಮಿಷಕ್ಕೆ 6 ಉಸಿರು, 5 ನಿಮಿಷ. ಉಸಿರು ಹೊರಬಿಡುವಾಗ ವೇಗಸ್ ನರ ಹೃದಯದ ಬಡಿತವನ್ನು ನಿಧಾನಿಸುತ್ತದೆ, ಆದ್ದರಿಂದ ಹೊರಬಿಡುವ ಹೊತ್ತೇ ಉದ್ದವಿರಬೇಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎದೆಯುಬ್ಬಿಸಿ ಜೋರಾಗಿ ಎಳೆಯುವುದು. ಆಗ ತಲೆ ತಿರುಗುತ್ತದೆ. ಇನ್ನೊಂದು ತಪ್ಪು, ನಾಲ್ಕು ಉಸಿರಿಗೇ ‘ಏನೂ ಆಗ್ಲಿಲ್ಲ’ ಎಂದು ಬಿಡುವುದು. ಎದ್ದು ಹೋಗುವುದಿದ್ದರೆ ಮರಳಿ ಬರುವ ಹೊತ್ತು ಹೇಳಿ ಹೋಗಿ: ‘ಈಗ ಮಾತಾಡಿದ್ರೆ ಜಗಳ ಆಗ್ತದೆ, ಅರ್ಧ ತಾಸು ಬಿಟ್ಟು ಬರ್ತೆ.’ ಹೇಳದೆ ಹೋದರೆ ಎದುರಿನವರ ಕಾವು ಏರುತ್ತಿರುತ್ತದೆ.

ಏಳು ದಿನದ ಪುಸ್ತಕ

ನೆನಪಿನಿಂದ ಕಾರಣ ಹುಡುಕಲು ಹೋದರೆ ಎದುರಿಗಿದ್ದವರೇ ನೆನಪಾಗುತ್ತಾರೆ. ಆದ್ದರಿಂದ ಬರೆಯಬೇಕು. ಪ್ರತಿ ಸಿಡುಕಿಗೆ ಒಂದೇ ಸಾಲು: ಗಂಟೆ ಎಷ್ಟು, ಹಿಂದಿನ ರಾತ್ರಿ ಎಷ್ಟು ನಿದ್ದೆ, ಕೊನೆಯ ಊಟ ಯಾವಾಗ, ಕೊನೆಯ ಚಾ-ಕವಳ ಯಾವಾಗ, ಮೈಯಲ್ಲಿ ನೋವು-ತುರಿಕೆ-ಸೆಕೆ ಇತ್ತೇ, ಅದಕ್ಕೂ ಒಂದು ಗಂಟೆ ಮೊದಲು ಏನಾಯಿತು. ಹೆಂಗಸರು ಮುಟ್ಟಿನ ಎಷ್ಟನೆಯ ದಿನ ಎಂಬುದನ್ನೂ ಸೇರಿಸಿ, ಏಳರ ಬದಲು ಎರಡು ತಿಂಗಳು ಬರೆಯಬೇಕು. ಯಾರ ಮೇಲೆ ಸಿಡುಕಿದಿರಿ ಎಂಬುದನ್ನು ಬರೆಯಬೇಡಿ, ಬರೆದರೆ ಪುಸ್ತಕ ದೂರಿನ ಪಟ್ಟಿಯಾಗುತ್ತದೆ.

ವಾರದ ಕೊನೆಗೆ ಸಾಲುಗಳು ಒಂದೇ ಗಂಟೆಯ ಸುತ್ತ ಗುಂಪಾಗಿದ್ದರೆ ಹಸಿವು, ಚಾ, ಹೊಗೆಸೊಪ್ಪು ನೋಡಿ. ದಿನವಿಡೀ ಹರಡಿದ್ದರೆ ನಿದ್ದೆ, ನೋವು. ಮುಟ್ಟಿಗೆ ಮೊದಲ ವಾರ ಏರಿ, ಮುಟ್ಟಾದ ಕೆಲವೇ ದಿನಗಳಲ್ಲಿ ಇಳಿಯುತ್ತಿದ್ದರೆ ಸ್ತ್ರೀರೋಗ ವೈದ್ಯರಿಗೆ ತೋರಿಸಿ, ಚಿಕಿತ್ಸೆ ಇದೆ. ಒಬ್ಬರು ಜಗಿಯುವ ಸದ್ದು, ಗಂಜಿ ಸೊರಸೊರ ಎಳೆಯುವ ಸದ್ದು ಇಂಥದ್ದಕ್ಕೆ ಮಾತ್ರ ಮೈ ಉರಿಯುತ್ತಿದ್ದರೆ ಅದಕ್ಕೆ ಮಿಸೋಫೋನಿಯಾ ಎಂಬ ಬೇರೆಯೇ ಹೆಸರಿದೆ.

ಕೆಲವರ ಪುಸ್ತಕ ಬೇರೆಯದನ್ನೇ ತೋರಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧವಿರುವಾಗ ದುಡಿಮೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. ಹಾಸಿಗೆ ಹಿಡಿದ ಅತ್ತೆ, ಸುಗ್ಗಿಯ ಆಳುಗಳಿಗೆ ಅಡುಗೆ, ಮಕ್ಕಳ ಪರೀಕ್ಷೆ ಮೂರೂ ಒಬ್ಬಳ ಮೇಲೇ ಬಿದ್ದಿರುವ ಮನೆಗಳಿವೆ. ಅಲ್ಲಿ ಸಿಡುಕು ಕಾಯಿಲೆಯಲ್ಲ, ಹಂಚಿಕೆಯ ತಪ್ಪಿನ ಸೂಚನೆ. ಅವಳಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಮೊದಲು ರಾತ್ರಿ ಪಾತ್ರೆ ಯಾರು ತೊಳೆಯುತ್ತಾರೆ ಎಂದು ಕೇಳಬೇಕು.

ವೈದ್ಯರಲ್ಲಿಗೆ ಯಾವಾಗ

ಎಲ್ಲ ಸರಿಪಡಿಸಿಯೂ ಎರಡು ವಾರ ಮೀರಿ ಸಿಡುಕು ಉಳಿದರೆ ರಕ್ತ ಪರೀಕ್ಷೆ ಮಾಡಿಸಬೇಕು. ತೂಕ ಇಳಿಯುವುದು, ಕೈನಡುಕ, ಎದೆಬಡಿತ, ಇತರರಿಗಿಲ್ಲದ ಸೆಕೆ ಇದ್ದರೆ ಥೈರಾಯ್ಡ್ ಹೆಚ್ಚಾಗಿರಬಹುದು, ಅದಕ್ಕೆ ಟಿಎಸ್‌ಎಚ್ ಎಂಬ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಹಾಲು-ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳು ಮತ್ತು ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರು ಬಿ12 ನೋಡಿಸಬೇಕು. ಪ್ರೆಡ್ನಿಸೋಲೋನ್, ಮೂರ್ಛೆಗೆ ಕೊಡುವ ಲೆವೆಟಿರಾಸೆಟಮ್, ಅಲರ್ಜಿ-ದಮ್ಮಿಗೆ ಕೊಡುವ ಮಾಂಟೆಲುಕಾಸ್ಟ್‌ನಿಂದಲೂ ಸಿಡುಕು ಬರುವುದುಂಟು. ಹಾಗೆಂದು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಅಜ್ಜನ ಸಿಡುಕಿಗೆ ಕಿವಿ ಮಂದವಾದದ್ದೇ ಕಾರಣವಾಗಿರಬಹುದು: ಅರ್ಧ ಕೇಳಿದ ಮಾತನ್ನು ಇಡೀ ದಿನ ಊಹಿಸುತ್ತಿರುವುದು ದಣಿಸುವ ಕೆಲಸ.

ಖಿನ್ನತೆ ಎಂದರೆ ಅಳು ಎಂದೇ ತಿಳಿದಿರುತ್ತೇವೆ. ಗಂಡಸರಲ್ಲಿ, ಹರೆಯದ ಮಕ್ಕಳಲ್ಲಿ ಅದು ಸಿಡುಕಿನ ವೇಷದಲ್ಲೇ ಹೆಚ್ಚಾಗಿ ಬರುತ್ತದೆ. ಇಷ್ಟವಿದ್ದ ಕೆಲಸದಲ್ಲೂ ಮನಸ್ಸಿಲ್ಲದಿರುವುದು, ಕುಡಿತ ಏರುವುದು, ನಸುಕಿನಲ್ಲೇ ಎಚ್ಚರವಾಗುವುದು ಜೊತೆಗಿದ್ದರೆ ತಡಮಾಡಬಾರದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಆ ಕ್ಷಣವೇ ಕರೆ ಮಾಡಿ, ಅವರನ್ನು ಒಬ್ಬರೇ ಬಿಡಬೇಡಿ.

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದವು ಕೆಲವಿವೆ. ವಯಸ್ಸಾದವರು ಒಂದೆರಡು ದಿನದಲ್ಲೇ ಬೇರೆ ಮನುಷ್ಯರಂತಾಗಿ, ರಾತ್ರಿ ಗೊಂದಲಗೊಂಡು ರೇಗತೊಡಗಿದರೆ ಮೂತ್ರದ ಸೋಂಕೋ, ರಕ್ತದೊತ್ತಡಕ್ಕೆ ನುಂಗುವ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಸೋಡಿಯಂ ಇಳಿದದ್ದೋ ಇರಬಹುದು (ಸೋಡಿಯಂ 135ರಿಂದ 145ರ ನಡುವೆ ಇರಬೇಕು). ಅಡಿಕೆ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡ ಅಜ್ಜಿ, ಎರಡು-ಮೂರು ವಾರ ಕಳೆದ ಮೇಲೆ ತಲೆನೋವು, ತೂಕಡಿಕೆಯೊಂದಿಗೆ ಸಿಡುಕತೊಡಗಿದರೆ ತಲೆಯೊಳಗೆ ನಿಧಾನವಾಗಿ ರಕ್ತ ಶೇಖರವಾಗಿರಬಹುದು, ಸ್ಕ್ಯಾನ್ ಬೇಕು. ಜ್ವರದ ಜೊತೆ ಸಿಡುಕು, ಕತ್ತು ಬಿಗಿತ, ತೀವ್ರ ತಲೆನೋವು ಇದ್ದರೂ ಹಾಗೆಯೇ. ಮೂರು ಗಂಟೆ ಮಾತ್ರ ಮಲಗಿಯೂ ದಣಿವಿಲ್ಲದೆ, ವಿಪರೀತ ಮಾತು, ವಿಪರೀತ ಖರ್ಚು, ತಡೆದರೆ ಕೆರಳುವುದು ಇದ್ದರೆ ಮನೋವೈದ್ಯರಿಗೆ ತೋರಿಸಬೇಕು.

ಹೋಗುವಾಗ ಏಳು ದಿನದ ಪುಸ್ತಕ ಮತ್ತು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನು, ಹಳ್ಳಿಮದ್ದಿದ್ದರೆ ಅದನ್ನೂ, ಒಂದು ಕೊಟ್ಟೆಯಲ್ಲಿ ಹಾಕಿಕೊಳ್ಳಿ. ಮನೆಯವರೊಬ್ಬರು ಜೊತೆಗಿರಲಿ. ಇದು ಶುರುವಾದದ್ದು ಯಾವಾಗ ಎಂದು ವೈದ್ಯರು ಕೇಳಿದಾಗ ಸಿಡುಕಿದವರಿಗಿಂತ ಸಿಡುಕಿಸಿಕೊಂಡವರ ಉತ್ತರ ಹೆಚ್ಚು ನಿಖರವಾಗಿರುತ್ತದೆ.